ಇಂಜಿನ್ ಬದಲಾವಣೆ: ಚೇಂಬರ್ ಕೊಯ್ಯೋದಾ, ಕ್ರಾಸ್‌ಮೆಂಬರ್ ಕೊಯ್ಯೋದಾ?

ಹಳೇಗಾಡಿ

ಎಲ್ಲರಿಗೂ ನಮಸ್ಕಾರ. ನನ್ನದು ಹಿಂದಿನ ಚಕ್ರ ಎಳೆಯುವ ಹಳೇ ಸೆಡಾನ್. ಅದರ ಕಾರ್ಬುರೇಟರ್ ಕಾಲದ ನಾಲ್ಕು ಸಿಲಿಂಡರ್ ಇಂಜಿನ್ ಇಳಿಸಿ, ಟೊಯೋಟಾದ ಆರು ಸಿಲಿಂಡರ್ ಇಂಜಿನ್ 2ಜೆಝಡ್-ಜಿಇ ಕೂರಿಸ್ತಾ ಇದ್ದೀನಿ. ಟರ್ಬೊ ಹಾಕಲ್ಲ, ರೇಸಿನ ಆಸೆಯೂ ಇಲ್ಲ. ದಿನಾ ಓಡಿಸಬೇಕು, ದೂರದ ಊರಿಗೆ ಹೊರಟರೆ ದಾರೀಲಿ ನಿಲ್ಲಬಾರದು. ಅಷ್ಟೇ ಬೇಡಿಕೆ.

ಚೈನ್ ಬ್ಲಾಕ್‌ನಲ್ಲಿ ಇಂಜಿನ್ ಇಳಿಸಿ ನೋಡಿದರೆ, ಚೇಂಬರಿನ (ಇಂಜಿನ್ ತಳದ ಆಯಿಲ್ ಪಾತ್ರೆ) ಆಳದ ಭಾಗ ಸೀದಾ ಕ್ರಾಸ್‌ಮೆಂಬರ್ (ಮುಂದಿನ ಚಕ್ರಗಳ ನಡುವಿನ ಅಡ್ಡ ತೊಲೆ) ಮೇಲೆ ಬಂದು ಕೂತಿತು. ಕೂರಬೇಕಾದ ಜಾಗಕ್ಕಿಂತ ಸುಮಾರು 5 ಸೆಂ.ಮೀ. ಮೇಲೇ ನಿಂತಿದೆ, ಬಾನೆಟ್ ಮುಚ್ಚಲ್ಲ. ವೆಲ್ಡಿಂಗ್‌ನವರು ಹೇಳೋದು: ಚೇಂಬರ್ ತಳ ಐದು ಸೆಂ.ಮೀ. ಕೊಯ್ದು ಹೊಸ ತಗಡು ಹಾಕಿ ಮುಚ್ಚಿಬಿಡೋಣ, ಸಂಜೆಯೊಳಗೆ ಮುಗಿಯುತ್ತೆ ಅಂತ. ಇನ್ನೊಬ್ಬರು ಕ್ರಾಸ್‌ಮೆಂಬರಲ್ಲಿ ಹಳ್ಳ ಮಾಡಿ ಅಂತಾರೆ. ಗೇರ್‌ಬಾಕ್ಸ್ ಬೇರೆ ಕಂಪನಿಯದು, ಮ್ಯಾನುಯಲ್. ನಡುವೆ ಅಡಾಪ್ಟರ್ ಪ್ಲೇಟ್ ಲೇತ್‌ನಲ್ಲಿ ಮಾಡಿಸಿದ್ದೀನಿ. ಇವುಗಳಲ್ಲಿ ಯಾವುದು ಮುಂದೆ ಕೈಕೊಡುತ್ತೆ, ಹೇಳಿ.

ಟಾರ್ಕ್‌ರಾಯ

ಚೇಂಬರ್ ಕೊಯ್ಸಿ ಗುರು, ತಲೆ ಕೆಡಿಸ್ಕೋಬೇಡಿ. 2ಜೆಝಡ್ ಅಂದ್ರೆ ಕಬ್ಬಿಣದ ಬ್ಲಾಕು, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟು) ಹಿಡಿಯೋಕೆ ಏಳು ಮೇನ್ ಬೇರಿಂಗು. ಮೂಲದ ಪವರ್‌ನಲ್ಲಿ ಓಡಿಸಿದ್ರೆ ಗಾಡಿ ಸತ್ತರೂ ಇಂಜಿನ್ ಸಾಯಲ್ಲ. ಆಯಿಲ್ ಕಮ್ಮಿ ಹಿಡಿದ್ರೆ ಬೇಗ ಬೇಗ ಬದಲಾಯಿಸಿ, ಮುಗೀತು.

ಕಬ್ಬಿಣದ ಕೈ

ಟಾರ್ಕ್‌ರಾಯರೇ, ಆ ಇಂಜಿನ್ ಗಟ್ಟಿ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಆ ಗಟ್ಟಿತನ ಕಂಪನಿಯವರು ಕೊಟ್ಟ ಚೇಂಬರ್, ಸ್ಟ್ರೈನರ್ (ಪಂಪು ಆಯಿಲ್ ಎಳೆಯೋ ಜಾಲರಿ ಬಾಯಿ), ಕೂಲಿಂಗ್ ಎಲ್ಲ ಜೊತೆಗಿದ್ದಾಗಿನ ಮಾತು. ಬದಲಾಯಿಸಿದ ಗಾಡಿಗಳು ನಿಲ್ಲೋದು ಪಿಸ್ಟನ್ ಮುರಿದು ಅಲ್ಲ. ಹೊಸ ಇಂಜಿನ್ನಿಗೂ ಹಳೇ ಗಾಡಿಗೂ ನಡುವೆ ನಾವು ಕೈಯಾರೆ ಮಾಡಿದ ಭಾಗ ಇರುತ್ತಲ್ಲ, ಅಲ್ಲಿ ನಿಲ್ತವೆ. ಆ ಭಾಗಕ್ಕೆ ಪಾರ್ಟ್ ನಂಬರ್ ಇಲ್ಲ, ಅದನ್ನ ಯಾರೂ ಪರೀಕ್ಷೆ ಮಾಡಿಲ್ಲ, ಕೆಟ್ಟರೆ ಅಂಗಡೀಲಿ ಸಿಗಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಚೇಂಬರಿನ ಆಳದ ಭಾಗ ಅಂದಾಜು 25 ಸೆಂ.ಮೀ. ಉದ್ದ, 20 ಅಗಲ ಅಂತಿಟ್ಟುಕೊಳ್ಳಿ. ಅದರಲ್ಲಿ 5 ಸೆಂ.ಮೀ. ಆಳ ತೆಗೆದರೆ ಹೋಗೋದು 2,500 ಘನ ಸೆಂ.ಮೀ., ಅಂದರೆ ಎರಡೂವರೆ ಲೀಟರ್. ಈ ಇಂಜಿನ್ ಹಿಡಿಯೋದೇ ಐದು ಲೀಟರ್ ಆಸುಪಾಸು. ಅರ್ಧಕ್ಕರ್ಧ ಹೋಯ್ತು. ಓಡುವಾಗ ಉಳಿದ ಅರ್ಧದಲ್ಲೂ ಒಳ್ಳೇ ಪಾಲು ಹೆಡ್ ಮೇಲಿರುತ್ತೆ, ಗೋಡೆ ಹಿಡಿದು ಇಳೀತಾ ಇರುತ್ತೆ. ಸ್ಟ್ರೈನರ್ ಸುತ್ತ ನಿಂತಿರೋದು ಎಷ್ಟು ಅಂತ ನೀವೇ ಯೋಚಿಸಿ.

ಇನ್ನೊಂದು ವಿಷಯ. ಗಾಡಿ ತಿರುವಿನಲ್ಲೋ ಬ್ರೇಕಿನಲ್ಲೋ 1 ಜಿ (ಗುರುತ್ವದಷ್ಟೇ) ಬಲಕ್ಕೆ ಸಿಕ್ಕಿದರೆ ಆಯಿಲ್ ಮೇಲ್ಮೈ 45 ಡಿಗ್ರಿ ವಾಲುತ್ತೆ. ಅರ್ಧ ಜಿ ಅಂದ್ರೂ 27 ಡಿಗ್ರಿ ಹತ್ತಿರ. ನೀವು ರೇಸ್ ಮಾಡಲ್ಲ, ಸರಿ. ಆದರೆ ನಾಯಿ ಅಡ್ಡ ಬಂತು ಅಂತ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಒಳ್ಳೇ ಟೈರಿನಲ್ಲಿ 0.8 ಜಿ ಸಲೀಸಾಗಿ ಬರುತ್ತೆ. ಆಳದ ಚೇಂಬರಿನಲ್ಲಿ ಸ್ಟ್ರೈನರ್ ಬಾಯಿ ಆಗಲೂ ಮುಳುಗಿರುತ್ತೆ. ತೆಳ್ಳಗೆ ಅಗಲಕ್ಕೆ ಹರಡಿರೋ ಚೇಂಬರಿನಲ್ಲಿ ಆಯಿಲ್ ಒಂದು ಮೂಲೆಗೆ ಓಡಿ, ಪಂಪು ಗಾಳಿ ಎಳೆಯುತ್ತೆ. ಬೇರಿಂಗ್ ಹೋಗೋದು ಒಂದೇ ದಿನಕ್ಕಲ್ಲ. ಪ್ರತಿ ಸಲ ಸ್ವಲ್ಪ ಸ್ವಲ್ಪ ಉಜ್ಜಿಕೊಂಡು, ಒಂದು ದಿನ ಕಟಕಟ ಶುರುವಾಗುತ್ತೆ. ಆಗ ಎಲ್ಲರೂ "ಹಳೇ ಇಂಜಿನ್ ಕೊಟ್ಟು ಮೋಸ ಮಾಡಿದ್ರು" ಅಂತ ಮಾರಿದವರನ್ನ ಬೈತಾರೆ.

ಟಾರ್ಕ್‌ರಾಯ

ಹಾಗಿದ್ರೆ ಒಂದು ಲೀಟರ್ ಜಾಸ್ತಿ ಹಾಕೋದು!

ಕಬ್ಬಿಣದ ಕೈ

ಜಾಸ್ತಿ ಹಾಕಿದರೆ ಮಟ್ಟ ಮೇಲೆ ಬಂದು ಕ್ರ್ಯಾಂಕಿನ ತೂಕಗಳಿಗೆ ತಾಗುತ್ತೆ. ಕ್ರ್ಯಾಂಕ್ ಅದನ್ನ ಕಡೆದು ನೊರೆ ಮಾಡುತ್ತೆ. ನೊರೆ ಆಯಿಲ್ ಬೇರಿಂಗಿನಲ್ಲಿ ಪದರ ಕಟ್ಟಲ್ಲ, ಪ್ರೆಶರ್ ಮುಳ್ಳು ಕುಣಿಯುತ್ತೆ. ಆಯಿಲ್ ಇದ್ದೂ ಇಲ್ಲದ ಹಾಗೆ.

ಕೊಯ್ಯಲೇಬೇಕು ಅಂತಾದರೆ ತಳದಲ್ಲಿ ತೆಗೆದಷ್ಟನ್ನ ಪಕ್ಕದಲ್ಲಿ ಕಿವಿ ಥರ ಅಗಲ ಮಾಡಿ ವಾಪಸ್ ಕೊಡಿಸಿ. ಒಳಗೆ ತಡೆಗೋಡೆ ಹಾಕಿಸಿ, ಆಯಿಲ್ ಸ್ಟ್ರೈನರ್ ಕಡೆಗೆ ಬರೋದಕ್ಕೆ ಮಾತ್ರ ದಾರಿ ಇರಲಿ. ಸ್ಟ್ರೈನರ್ ಪೈಪನ್ನೂ ಗಿಡ್ಡ ಮಾಡಬೇಕಾಗುತ್ತೆ. ಬಾಯಿಗೂ ತಳಕ್ಕೂ ನಡುವೆ 6ರಿಂದ 10 ಮಿ.ಮೀ. ಇರಬೇಕು. ಅದಕ್ಕಿಂತ ಹತ್ತಿರ ಆದರೆ ಬಾಯಿ ಕಟ್ಟುತ್ತೆ, ದೂರ ಆದರೆ ಗಾಳಿ ಎಳೆಯುತ್ತೆ. ತಳದಲ್ಲಿ ಜೇಡಿಮಣ್ಣಿನ ಉಂಡೆ ಇಟ್ಟು, ಗ್ಯಾಸ್ಕೆಟ್ ಸಮೇತ ಚೇಂಬರ್ ಕೂರಿಸಿ ತೆಗೆದು, ಮಣ್ಣು ಎಷ್ಟು ದಪ್ಪ ಉಳಿದಿದೆ ಅಳೆಯಿರಿ. ಪೈಪ್ ಕೊಯ್ದು ಬೆಸುಗೆ ಹಾಕಿದ ಜಾಗದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪಂಪು ಆಯಿಲ್ ಬಿಟ್ಟು ಅಲ್ಲಿಂದ ಗಾಳಿ ಎಳೆಯುತ್ತೆ, ಅದು ಹೊರಗೆ ಎಲ್ಲೂ ಸೋರಿ ತೋರಿಸಿಕೊಳ್ಳಲ್ಲ. ನನಗೆ ಅತಿ ಭಯ ಇರೋದು ಈ ಜಾಯಿಂಟಿನ ಮೇಲೆ.

ಲೇತ್ ಪಕ್ಕದವ

ವೆಲ್ಡಿಂಗ್ ಬಗ್ಗೆ ಒಂದೆರಡು ಮಾತು. 2ಜೆಝಡ್‌ನಲ್ಲಿ ಚೇಂಬರ್ ಎರಡು ತುಂಡು: ಮೇಲಿನದು ಅಲ್ಯೂಮಿನಿಯಂ ಎರಕ, ಕೆಳಗಿನದು ಉಕ್ಕಿನ ತಗಡು. ಕೆಳಗಿನದನ್ನ ಕೊಯ್ದು ಬೆಸೆಯೋದು ಕಷ್ಟ ಅಲ್ಲ. ಚಪ್ಪಟೆ ಅಂಚು ಬಿಸಿಗೆ ತಿರುಚಿಕೊಳ್ಳದ ಹಾಗೆ ದಪ್ಪ ಪ್ಲೇಟಿಗೆ ಬೋಲ್ಟ್ ಮಾಡಿಟ್ಟು ಬೆಸೆಯಬೇಕು, ಅಲ್ಲಲ್ಲಿ ಸ್ವಲ್ಪ ಸ್ವಲ್ಪ. ಮೇಲಿನ ಅಲ್ಯೂಮಿನಿಯಂ ತುಂಡು ಮಾತ್ರ ಮುಟ್ಟಬೇಡಿ. ವರ್ಷಾನುಗಟ್ಟಲೆ ಆಯಿಲ್ ಕುಡಿದ ಎರಕ ಬೆಸೆಯೋಕೆ ಹೋದರೆ ಒಳಗಿಂದ ಹೊಗೆ ಬಂದು ಬೆಸುಗೆಯೆಲ್ಲ ರಂಧ್ರ ಆಗುತ್ತೆ. ನೋಡೋಕೆ ಚೆಂದ, ಬಿಸಿಯಾದ ಮೇಲೆ ಬೆವರುತ್ತೆ.

ಇಷ್ಟೇ ಅಲ್ಲ. ಈಚಿನ ಬಹಳ ಇಂಜಿನ್‌ಗಳಲ್ಲಿ ಅಲ್ಯೂಮಿನಿಯಂ ಚೇಂಬರ್ ಬರೀ ಆಯಿಲ್ ಪಾತ್ರೆ ಅಲ್ಲ, ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೆ (ಕ್ಲಚ್ ಸುತ್ತಲಿನ ಗಂಟೆಯಾಕಾರದ ಮುಂಬದಿ) ಬೋಲ್ಟ್ ಆಗಿ ಭಾರ ಹೊರುತ್ತೆ. ಜಿಎಂ ಕಂಪನಿಯ ಎಲ್‌ಎಸ್ ವಿ8 ಇಂಜಿನ್ ನೋಡಿ, ಚೇಂಬರೇ ಇಂಜಿನ್-ಗೇರ್‌ಬಾಕ್ಸ್ ಜೋಡಣೆಯನ್ನ ಬಿಗಿಯಾಗಿ ಹಿಡಿಯೋ ಭಾಗ. ಅದರ ಬೆನ್ನು ಬ್ಲಾಕಿನ ಬೆನ್ನಿಗೆ ಸಮ ಇಲ್ಲದೆ ಗೇರ್‌ಬಾಕ್ಸ್ ಬೋಲ್ಟ್ ಬಿಗಿದರೆ ಎರಕ ಬಿರುಕು ಬಿಡುತ್ತೆ.

ಬೆಸೆದಾದ ಮೇಲೆ ಒಳಗೆ ಸೀಮೆಎಣ್ಣೆ ತುಂಬಿ, ಹೊರಗಿನ ಬೆಸುಗೆ ಗೆರೆ ಮೇಲೆ ಸೀಮೆಸುಣ್ಣ ಬಳಿದು ರಾತ್ರಿಯಿಡೀ ಬಿಡಿ. ಎಲ್ಲಿ ಒದ್ದೆ ಕಲೆ ಮೂಡುತ್ತೋ ಅಲ್ಲಿ ತೂತು.

ಹಳೇಗಾಡಿ

ಅಯ್ಯೋ, "ಸಂಜೆಯೊಳಗೆ" ಅಂದಿದ್ರು. ಕ್ರಾಸ್‌ಮೆಂಬರ್ ಕೊಯ್ದರೆ ಇಷ್ಟೆಲ್ಲ ರಗಳೆ ಇರಲ್ಲ ಅಲ್ವಾ?

ಕ್ಯಾಂಬರ್ ಅಕ್ಕ

ಇಲ್ಲಿ ಯಾರೂ ಸ್ಟಿಯರಿಂಗ್ ಮಾತೇ ಎತ್ತಿಲ್ಲವಲ್ಲ! ಚೇಂಬರ್ ಸೋತರೆ ಇಂಜಿನ್ ಹೋಗುತ್ತೆ, ಕ್ರಾಸ್‌ಮೆಂಬರ್ ಸೋತರೆ ಚಕ್ರ ತಾನು ಬೇಕಾದ ಕಡೆ ಹೋಗುತ್ತೆ. ಹಳೇಗಾಡಿಯವರೇ, ಮೊದಲು ಗಾಡಿ ಅಡಿ ಮಲಗಿ ನೋಡಿ: ಚಕ್ರ ಹಿಡಿಯೋ ಕೆಳಗಿನ ಆರ್ಮ್‌ಗಳು ಕ್ರಾಸ್‌ಮೆಂಬರಿಗೇ ಸಿಕ್ಕಿವೆಯಾ? ಸ್ಟಿಯರಿಂಗ್ ಬಾಕ್ಸು, ಮಧ್ಯದ ರಾಡ್ ಎಲ್ಲಿ ಓಡಾಡುತ್ತೆ? ಆರ್ಮ್‌ಗಳು ಅದಕ್ಕೇ ಸಿಕ್ಕಿದ್ದರೆ ಎಡ ಬಲ ಚಕ್ರಗಳ ನಡುವಿನ ಬಲವನ್ನೆಲ್ಲ ಹೊರೋದು ಆ ಪೆಟ್ಟಿಗೆ. ಅದರ ಮೇಲ್ಮುಖ ಕೊಯ್ದು ಬಾಯಿ ತೆರೆದು ಬಿಟ್ಟರೆ ಬ್ರೇಕ್ ಹಾಕಿದಾಗೆಲ್ಲ ಸ್ವಲ್ಪ ಬಿಚ್ಚಿಕೊಳ್ಳುತ್ತೆ, ಮುಚ್ಚಿಕೊಳ್ಳುತ್ತೆ. ಅಲೈನ್‌ಮೆಂಟ್ ನಿಲ್ಲಲ್ಲ, ಆಮೇಲೆ ಮೂಲೆಯಿಂದ ಬಿರುಕು ಶುರು.

ಮಾಡಬಾರದು ಅಂತಲ್ಲ. ಕೊಯ್ಯೋಕೆ ಮುಂಚೆ ಆರ್ಮ್ ಬೋಲ್ಟುಗಳ ನಡುವಿನ ಅಡ್ಡ ಅಳತೆ, ಕರ್ಣದ ಅಳತೆ ಬರೆದಿಟ್ಟುಕೊಳ್ಳಿ. ಎರಡು ಬದಿಗೂ ಒಂದು ಆಂಗಲ್ ಕಬ್ಬಿಣ ತಾತ್ಕಾಲಿಕವಾಗಿ ಬೆಸೆದು ಹಿಡಿದಿಡಿ. ಹಳ್ಳದ ಮೂಲೆ ಚೂಪಾಗಿರಬಾರದು, ದುಂಡಗಿರಲಿ, ಬಿರುಕು ಹುಟ್ಟೋದೇ ಚೂಪು ಮೂಲೇಲಿ. ಒಳಗೆ ಪ್ಲೇಟ್ ಹಾಕಿ ಮತ್ತೆ ಪೆಟ್ಟಿಗೆ ಮಾಡಿಸಿ. ಹಳ್ಳದಿಂದ ಕಳೆದ ಎತ್ತರವನ್ನ ಜಾಗ ಇದ್ದರೆ ಕೆಳಗಿನಿಂದ ಕೊಡಿ. ಕೆಲಸ ಆದಮೇಲೆ ಅದೇ ಅಳತೆ ಮತ್ತೆ ತೆಗೆಯಿರಿ. ಬೆಸುಗೆ ತಣ್ಣಗಾಗುವಾಗ ಲೋಹ ಎಳೆದುಕೊಳ್ಳುತ್ತೆ, ಎರಡು ಮೂರು ಮಿ.ಮೀ. ಹೋಗಿದ್ದರೆ ಕ್ಯಾಂಬರಿನಲ್ಲಿ (ಚಕ್ರ ಒಳಗೋ ಹೊರಗೋ ವಾಲೋ ಕೋನ) ಗೊತ್ತಾಗುತ್ತೆ. ಇದನ್ನ ಮಾಡೋ ಕೈ ಚಾಸಿ ಕೆಲಸ ಗೊತ್ತಿರೋ ಕೈ ಆಗಿರಲಿ. ಗೇಟು, ಕಿಟಕಿ ಬೆಸೆಯೋರ ಹತ್ತಿರ ಬೇಡ.

ಇಂಜಿನ್ ಕೂತಮೇಲೆ ಚೇಂಬರಿಗೂ ಕ್ರಾಸ್‌ಮೆಂಬರಿಗೂ ಮಧ್ಯೆ ಬೆರಳು ಹೋಗುವಷ್ಟಾದರೂ, 15 ಮಿ.ಮೀ. ಮೇಲೆ ಬಿಡಿ. ನಿಂತಾಗ ತಾಗಲ್ಲ, ಆಕ್ಸಿಲರೇಟರ್ ಒತ್ತಿ ಇಂಜಿನ್ ತನ್ನ ಫೌಂಡೇಶನ್ (ಇಂಜಿನ್ ಕೂರೋ ರಬ್ಬರ್ ಆಸರೆ) ಮೇಲೆ ತಿರುಚಿಕೊಂಡಾಗ ತಾಗುತ್ತೆ. ಮತ್ತೆ, ಆರು ಸಿಲಿಂಡರಿನ ಕಬ್ಬಿಣದ ಇಂಜಿನ್ ತೂಕಕ್ಕೆ ಮುಂದಿನ ಸ್ಪ್ರಿಂಗ್, ಬ್ರೇಕ್ ಸಾಕಾ ಅಂತ ಯೋಚಿಸಿದ್ದೀರಾ?

ಎರಡನೇ ಗೇರ್

ಮಧ್ಯೆ ಬಾಯಿ ಹಾಕ್ತೀನಿ. ಕೊಯ್ಯೋದೇ ಬೇಡ, ಫೌಂಡೇಶನ್ ಕೆಳಗೆ ಗಟ್ಟಿ ತುಂಡು ಇಟ್ಟು ಇಂಜಿನ್ ಎತ್ತರಿಸಿ, ಬಾನೆಟ್‌ಗೆ ಉಬ್ಬು ಮಾಡಿಸಿದರೆ?

ಕಬ್ಬಿಣದ ಕೈ

ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿಂದ ಹಿಂದಿನ ಚಕ್ರದ ಕಡೆಗೆ ಹೋಗೋ ಉದ್ದನೆ ಕೊಳವೆ) ಕೋನ ಬದಲಾಗುತ್ತೆ. ಎರಡು ಕ್ರಾಸ್ ಜಾಯಿಂಟ್ ಇರೋ ಶಾಫ್ಟಿನಲ್ಲಿ ಮುಂದಿನ ಕೋನ, ಹಿಂದಿನ ಕೋನ ಸಮ ಇರಬೇಕು. ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ವೇಗದಲ್ಲಿ ನಡುಕ. ಒಂದೊಂದು ಜಾಯಿಂಟೂ ಕೆಲಸ ಮಾಡೋ ಕೋನ 3 ಡಿಗ್ರಿ ಒಳಗಿರಲಿ. ಹಾಗಂತ ಪೂರ್ತಿ ಸೊನ್ನೆಯೂ ಬೇಡ, ಸೂಜಿ ಬೇರಿಂಗ್ ಉರುಳದೆ ಒಂದೇ ಜಾಗದಲ್ಲಿ ಗುಳಿ ಬೀಳಿಸಿಕೊಳ್ಳುತ್ತೆ. ನಡುಕ ಅಂದ್ರೆ ಬರೀ ಕಿರಿಕಿರಿ ಅಲ್ಲ ಮಾರಾಯ್ರೇ, ಗೇರ್‌ಬಾಕ್ಸಿನ ಹಿಂದಿನ ಬುಷ್, ಸೀಲ್, ಕ್ರೌನ್ ಪಿನಿಯನ್ ಬೇರಿಂಗ್ ಎಲ್ಲ ಅದರ ಬಾಯಿಗೆ.

ಫೌಂಡೇಶನ್ ಮಾತು ಬಂದಿದ್ದಕ್ಕೆ: ರಬ್ಬರ್ ತೆಗೆದು ಗಟ್ಟಿ ಕಬ್ಬಿಣ ಹಾಕಬೇಡಿ. ಇಂಜಿನ್ ಅಲುಗೋದು ನಿಲ್ಲುತ್ತೆ, ಅದರ ಬದಲು ಸೈಲೆನ್ಸರ್ ಬ್ರಾಕೆಟ್, ರೇಡಿಯೇಟರ್ ಟ್ಯಾಂಕ್, ವೈರುಗಳು ಅಲುಗಿ ಮುರಿಯುತ್ತವೆ. ದಿನದ ಗಾಡಿಗೆ ರಬ್ಬರೇ ಸರಿ.

ಇಷ್ಟೆಲ್ಲಕ್ಕೂ ಮುಂಚೆ ಒಂದು ಪ್ರಶ್ನೆ. ಹಳೇಗಾಡಿಯವರ ಇಂಜಿನ್ನಿನ ಚೇಂಬರ್ ಆಳ ಇರೋದು ಮುಂದೆಯಾ, ಹಿಂದೆಯಾ? 2ಜೆಝಡ್ ಯಾವ ಕಾರಿನಿಂದ ಬಂತು ಅನ್ನೋದರ ಮೇಲೆ ಮುಂದೆ ಆಳ ಇರೋ ಚೇಂಬರೂ ಇದೆ, ಹಿಂದೆ ಆಳ ಇರೋದೂ ಇದೆ. ಎರಡೂ ಕಂಪನಿಯದೇ.

ಹಳೇಗಾಡಿ

ಮುಂದೆ ಆಳ ಇದೆ. ಹಿಂದಿನದು ಅಂತ ಬೇರೆ ಬರುತ್ತೆ ಅಂತಲೇ ಗೊತ್ತಿರಲಿಲ್ಲ, ಯಾರೂ ಹೇಳಲಿಲ್ಲ.

ಕಬ್ಬಿಣದ ಕೈ

ಹಾಗಾದರೆ ಕೊಯ್ಯೋ ಮಾತು ಬಿಡಿ. ಹಿಂದೆ ಆಳ ಇರೋ ಚೇಂಬರ್ ಹುಡುಕಿ. ಬರೀ ಕೆಳಗಿನ ತಗಡು ತಂದರೆ ಆಗಲ್ಲ: ಮೇಲಿನ ಅಲ್ಯೂಮಿನಿಯಂ ತುಂಡು, ಕೆಳಗಿನ ತುಂಡು, ಅದರದೇ ಸ್ಟ್ರೈನರ್ ಪೈಪು, ಅದರದೇ ಡಿಪ್‌ಸ್ಟಿಕ್ಕು ಮತ್ತು ಕೊಳವೆ, ನಾಲ್ಕೂ ಒಂದೇ ಇಂಜಿನ್ನಿಂದ ಬರಲಿ. ಡಿಪ್‌ಸ್ಟಿಕ್ ಹಳೇದನ್ನೇ ಇಟ್ಟುಕೊಂಡರೆ ಮಟ್ಟ ಸುಳ್ಳು ಹೇಳುತ್ತೆ. ಬೇರೆ ಇಂಜಿನ್ನಾಗಿದ್ದರೂ ನನ್ನ ಸಲಹೆ ಇದೇ. ಕಂಪನಿಯದ್ದೇ ಇನ್ನೊಂದು ಮಾಡೆಲಿನ ಭಾಗ ಸಿಗುತ್ತಾ ಅಂತ ಮೊದಲು ಹುಡುಕೋದು, ಸಿಗದಿದ್ದರೆ ಗಾಡಿ ಕಡೆಯ ಕಬ್ಬಿಣ ಬದಲಾಯಿಸೋದು, ಇಂಜಿನ್ ಒಳಗೆ ಆಯಿಲ್ ಓಡೋ ದಾರಿಗೆ ಕತ್ತರಿ ಹಾಕೋದು ಕಟ್ಟಕಡೆಗೆ.

ಟಾರ್ಕ್‌ರಾಯ

ಇದು ಒಪ್ಕೋತೀನಿ. ಚೇಂಬರ್ ಹಿಂದಕ್ಕೆ ಹೋದ್ರೆ ಕ್ರಾಸ್‌ಮೆಂಬರ್ ಅದರ ಮುಂದೇನೇ ಉಳಿಯುತ್ತೆ. ಆದ್ರೂ ಕೊಯ್ದು ಓಡಿಸೋರು ಬೇಕಾದಷ್ಟು ಜನ ಇದ್ದಾರೆ ಅಂತ ಹೇಳದೆ ಬಿಡಲ್ಲ!

ಕ್ಯಾಂಬರ್ ಅಕ್ಕ

ಇದ್ದಾರೆ ತಮ್ಮಾ. ಅವರಲ್ಲಿ ತಡೆಗೋಡೆ ಹಾಕಿಸಿದವರು ಎಷ್ಟು ಅಂತ ಕೇಳು.

ಎರಡನೇ ಗೇರ್

ನನ್ನ ಸ್ನೇಹಿತನ ಗಾಡಿ ಕಥೆ ಹೇಳ್ತೀನಿ, ಆಟೋಮ್ಯಾಟಿಕ್ ಹಾಕೋರಿಗೆ ಉಪಯೋಗ ಆಗಬಹುದು. ವಿ8 ಇಂಜಿನ್ನು, ಬೇರೆ ಮೂಲದ ಗೇರ್‌ಬಾಕ್ಸು, ಕ್ರ್ಯಾಂಕಿಗೂ ಟಾರ್ಕ್ ಕನ್ವರ್ಟರಿಗೂ (ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಬದಲು ಇರೋದು) ನಡುವೆ ಹೇಳಿ ಮಾಡಿಸಿದ ಸ್ಪೇಸರ್. ಶುರುವಿಗೆ ಎಲ್ಲ ಚೆನ್ನಾಗಿತ್ತು. ಸ್ವಲ್ಪ ಓಡಿದ ಮೇಲೆ ಬಿಸಿಯಾದಾಗ ಸೆಲ್ಫ್ ಒದ್ದಾಡಿ ತಿರುಗೋದು, ಆಯಿಲ್ ಪ್ರೆಶರ್ ಇಳಿಯೋದು. ಕ್ರ್ಯಾಂಕ್ ಪುಲ್ಲಿ ಹಿಡಿದು ಹಿಂದೆ ಮುಂದೆ ತಳ್ಳಿದರೆ ಕಣ್ಣಿಗೆ ಕಾಣೋ ಹಾಗೆ ಜರುಗ್ತಾ ಇತ್ತು. ಬಿಚ್ಚಿದಾಗ, ಕ್ರ್ಯಾಂಕ್ ಹಿಂದೆ ಮುಂದೆ ಜರುಗದ ಹಾಗೆ ತಡೆಯೋ ಥ್ರಸ್ಟ್ ಬೇರಿಂಗಿನ ಒಂದು ಮುಖ ಪೂರ್ತಿ ತಿಂದುಹೋಗಿ, ಚೇಂಬರ್ ತಳದಲ್ಲಿ ಹಿತ್ತಾಳೆ ಬಣ್ಣದ ಪುಡಿ. ಸ್ಪೇಸರ್ ಒಂದಿಷ್ಟು ದಪ್ಪ ಆಗಿತ್ತು. ಗೇರ್‌ಬಾಕ್ಸ್ ಬೋಲ್ಟ್ ಬಿಗಿದಾಗ ಟಾರ್ಕ್ ಕನ್ವರ್ಟರ್ ಪಂಪಿನ ತಳಕ್ಕೆ ಒತ್ತಿಕೊಂಡು, ಇಂಜಿನ್ ಓಡಿದಷ್ಟು ಹೊತ್ತೂ ಕ್ರ್ಯಾಂಕನ್ನ ಮುಂದಕ್ಕೆ ದೂಡ್ತಾ ಇತ್ತು.

ಗೇರ್‌ಬಾಕ್ಸ್ ಪೂರ್ತಿ ಬಿಗಿದ ಮೇಲೆ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಫ್ಲೆಕ್ಸ್‌ಪ್ಲೇಟಿಗೆ (ಕ್ರ್ಯಾಂಕಿಗೆ ಸಿಕ್ಕಿರೋ ತೆಳು ತಟ್ಟೆ) ತಾಗಿಸೋಕೆ 3ರಿಂದ 5 ಮಿ.ಮೀ. ಮುಂದಕ್ಕೆ ಎಳೆಯೋ ಹಾಗಿರಬೇಕು. ಇದನ್ನ ನೋಡೋಕೆ ಎರಡು ನಿಮಿಷ ಸಾಕು. 1999-2000ರ ಕೆಲವು 6.0 ಲೀಟರ್ ಎಲ್‌ಎಸ್ ಮಾದರಿಯ ಟ್ರಕ್ ಇಂಜಿನ್‌ಗಳಲ್ಲಿ ಕ್ರ್ಯಾಂಕಿನ ಹಿಂಬದಿ ಸುಮಾರು 10 ಮಿ.ಮೀ. ಉದ್ದ ಇರುತ್ತೆ. ಹಾಗಾಗಿ ಒಂದೇ ಸಾಲಿನ ಇಂಜಿನ್ ಅಂತ ಕಣ್ಣು ಮುಚ್ಚಿ ಸ್ಪೇಸರ್ ತರಬೇಡಿ.

ಲೇತ್ ಪಕ್ಕದವ

ಅದೇ ಸಾಲಿಗೆ ಫ್ಲೈವೀಲ್ ಬ್ಯಾಲೆನ್ಸನ್ನೂ ಸೇರಿಸಿ. ಫೋರ್ಡಿನ 302 ವಿ8 ಹಳೇದಕ್ಕೆ ಫ್ಲೈವೀಲಿನಲ್ಲಿ ಬೇಕಂತಲೇ ಇಟ್ಟ ಓರೆ ತೂಕ 28 ಔನ್ಸ್-ಇಂಚು, ಎಂಬತ್ತರ ದಶಕದಿಂದೀಚಿನ 5.0ಗೆ 50. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಬೋಲ್ಟ್ ತೂತು ಸರಿಹೋಗುತ್ತೆ, ಇಂಜಿನ್ ಸ್ಟಾರ್ಟೂ ಆಗುತ್ತೆ, ನಡುಕದಲ್ಲೇ ಬೇರಿಂಗ್ ಹೋಗುತ್ತೆ.

ಅರ್ತ್ ವೈರ್

ನೀವೆಲ್ಲ ಕಬ್ಬಿಣ ನೋಡ್ತೀರಿ. ದಾರೀಲಿ ಗಾಡಿ ನಿಲ್ಲಿಸೋದು ಹೆಚ್ಚಾಗಿ ವೈರಿಂಗು. ಹಳೇಗಾಡಿಯವರೇ, ಇಂಜಿನ್ ಕೂತಿರೋದು ರಬ್ಬರ್ ಫೌಂಡೇಶನ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಬ್ಲಾಕಿಂದ ಬಾಡಿಗೆ, ಬ್ಲಾಕಿಂದ ಬ್ಯಾಟರಿಗೆ ದಪ್ಪ ಅರ್ತ್ ಪಟ್ಟಿ ಹಾಕಿ. ಇಲ್ಲದಿದ್ದರೆ ಸೆಲ್ಫಿನ ಕರೆಂಟ್ ಆಕ್ಸಿಲರೇಟರ್ ಕೇಬಲ್ಲಿನಲ್ಲೋ, ಸೆನ್ಸರಿನ ತೆಳು ವೈರಿನಲ್ಲೋ ದಾರಿ ಹುಡುಕಿಕೊಳ್ಳುತ್ತೆ. ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಕಡ್ಡಿ ಬ್ಲಾಕಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ.

ಹಾರ್ನೆಸ್ (ಇಂಜಿನ್ ವೈರುಗಳ ಕಟ್ಟು) ಉದ್ದ ಮಾಡುವಾಗ ವೈರ್ ತಿರುಚಿ ಟೇಪ್ ಸುತ್ತಬೇಡಿ. ಬರೀ ಸಾಲ್ಡರ್ ಕೂಡ ಇಂಜಿನ್ ಮೇಲೆ ಬೇಡ. ಸೀಸ ಎಳೆಗಳೊಳಗೆ ಏರಿ ಗಟ್ಟಿಯಾಗುತ್ತೆ, ಗಟ್ಟಿ ಭಾಗ ಮುಗಿಯೋ ಜಾಗದಲ್ಲಿ ಅಲುಗಿ ಅಲುಗಿ ವೈರ್ ತುಂಡಾಗುತ್ತೆ. ಸರಿಯಾದ ಟರ್ಮಿನಲ್ ತಂದು, ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಒಳಗೆ ಅಂಟು ಇರೋ, ಬಿಸಿಗೆ ಕುಗ್ಗೋ ಶ್ರಿಂಕ್ ಸ್ಲೀವ್ ಹಾಕಿ. ಕ್ರ್ಯಾಂಕ್ ಸೆನ್ಸರಿನ ವೈರಿಗೆ ಮೂಲದಲ್ಲಿ ಜಾಲರಿ ಹೊದಿಕೆ ಇದ್ದರೆ ಅದನ್ನ ಕೊನೆವರೆಗೂ ಉಳಿಸಿ, ಇಲ್ಲದಿದ್ದರೆ ಬೇರೆ ವೈರುಗಳ ಗದ್ದಲ ಅದರ ಸಿಗ್ನಲ್‌ಗೆ ಸೇರಿ ಓಡ್ತಾ ಓಡ್ತಾ ಸುಮ್ಮನೆ ಆಫ್ ಆಗಬಹುದು, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ಇಂಥ ದೋಷ ಹಿಡಿಯೋದಕ್ಕಿಂತ ಹೊಸ ಹಾರ್ನೆಸ್ ಮಾಡೋದು ಸುಲಭ.

ಪೆಟ್ರೋಲ್ ಕಡೆ: ಕಾರ್ಬುರೇಟರಿಗೆ 4ರಿಂದ 7 ಪಿಎಸ್‌ಐ ಒತ್ತಡ ಸಾಕಿತ್ತು, ಇಂಜೆಕ್ಷನ್‌ಗೆ 40ರ ಆಸುಪಾಸು, ಎಲ್‌ಎಸ್‌ನಂಥವಕ್ಕೆ 58. ಹಳೇ ಹೋಸ್ ಬಿಟ್ಟರೆ ಬಿಸಿ ಸೈಲೆನ್ಸರ್ ಪಕ್ಕ ಪೆಟ್ರೋಲ್ ಚಿಮ್ಮುತ್ತೆ. ಎಸ್‌ಎಇ ಜೆ30 ಆರ್9 ಅಂತ ಬರೆದಿರೋ ಇಂಜೆಕ್ಷನ್ ಹೋಸೇ ತನ್ನಿ. ಹಳೇ ಟ್ಯಾಂಕಿನೊಳಗೆ ಪಂಪಿನ ಸುತ್ತ ಪೆಟ್ರೋಲ್ ಹಿಡಿದಿಡೋ ಬಟ್ಟಲು ಇರಲ್ಲ, ಕಾಲು ಟ್ಯಾಂಕಿನಲ್ಲಿ ಉದ್ದ ತಿರುವು ಸಿಕ್ಕರೆ ಪಂಪ್ ಗಾಳಿ ಎಳೆಯುತ್ತೆ. ಕಬ್ಬಿಣದ ಕೈಯವರು ಆಯಿಲ್‌ಗೆ ಹೇಳಿದ್ದೇ ಇಲ್ಲೂ.

ಹಳೇಗಾಡಿ

ಎಲ್ಲರಿಗೂ ಧನ್ಯವಾದ. ಹಿಂದೆ ಆಳ ಇರೋ ಚೇಂಬರ್ ಸೆಟ್ ಒಂದು ಕಡೆ ಇದೆ ಅಂತ ಗೊತ್ತಾಗಿದೆ, ಸ್ಟ್ರೈನರ್ ಸಮೇತ. ಅಳತೆ ತರಿಸಿಕೊಂಡೆ, ಕ್ರಾಸ್‌ಮೆಂಬರ್ ತಾಗಲ್ಲ, ಸ್ಟಿಯರಿಂಗ್ ರಾಡ್ ಹತ್ತಿರ ಬರುತ್ತೆ, ಕೂರಿಸಿ ನೋಡಬೇಕು. ಇನ್ನು ಉಳಿದಿದ್ದು ಅಡಾಪ್ಟರ್ ಪ್ಲೇಟ್. ಬೋಲ್ಟ್ ತೂತುಗಳೆಲ್ಲ ಸರಿಯಾಗಿ ಕೂರ್ತಿವೆ. ಅಷ್ಟು ಸಾಕಲ್ವಾ?

ಲೇತ್ ಪಕ್ಕದವ

ಸಾಲದು. ಬೋಲ್ಟ್ ಹಿಡಿದು ಬಿಗಿಯೋಕೆ ಮಾತ್ರ, ನಡುಮಧ್ಯಕ್ಕೆ ಕೂರಿಸೋದು ಡೋವೆಲ್ ಪಿನ್ನು. ಕ್ರ್ಯಾಂಕಿನ ಕೇಂದ್ರ, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಕೇಂದ್ರ ಒಂದೇ ಗೆರೇಲಿ ಇಲ್ಲದಿದ್ದರೆ ಕ್ರ್ಯಾಂಕಿನ ತುದೀಲಿ ಆ ಶಾಫ್ಟ್ ಹಿಡಿಯೋ ಪೈಲಟ್ ಬೇರಿಂಗ್ ಕಿರುಚುತ್ತೆ, ಕ್ಲಚ್ ಪ್ಲೇಟಿನ ಮಧ್ಯದ ಹಬ್ ಸಡಿಲ ಆಗುತ್ತೆ, ಗೇರ್ ತಾನಾಗಿ ಜಾರುತ್ತೆ. ಜನ ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿಸಿ ವಾಪಸ್ ಹಾಕ್ತಾರೆ, ಮತ್ತೆ ಅದೇ.

ಕ್ಲಚ್ ಹಾಕೋಕೆ ಮುಂಚೆ ಪ್ಲೇಟು, ಖಾಲಿ ಬೆಲ್ ಹೌಸಿಂಗ್ ಎರಡನ್ನೂ ಇಂಜಿನ್ನಿಗೆ ಬಿಗಿಯಿರಿ. ಬೆಲ್ ಹೌಸಿಂಗ್ ಬಿಡಿಯಾಗಿ ಬರದಿದ್ದರೆ ಪ್ಲೇಟಿನ ಡೋವೆಲ್ ತೂತುಗಳನ್ನೇ ಕ್ರ್ಯಾಂಕ್ ಕೇಂದ್ರದಿಂದ ಅಳೆಯಬೇಕಾಗುತ್ತೆ. ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡ್ ಫ್ಲೈವೀಲ್ ಮೇಲೆ ಕೂರಿಸಿ, ಮುಳ್ಳು ಬೆಲ್ ಹೌಸಿಂಗಿನ ನಡುವಿನ ದೊಡ್ಡ ತೂತಿನ ಒಳಗೋಡೆಗೆ ತಾಗಿಸಿ. ಸ್ಪಾರ್ಕ್ ಪ್ಲಗ್ ತೆಗೆದಿಡಿ, ಕ್ರ್ಯಾಂಕ್ ಕೈಯಲ್ಲಿ ಹಗುರಾಗಿ ತಿರುಗುತ್ತೆ. ಒಂದು ಸುತ್ತು ತಿರುಗಿಸಿ ಅತಿ ಹೆಚ್ಚು, ಅತಿ ಕಡಿಮೆ ಬರೆದುಕೊಳ್ಳಿ. ವ್ಯತ್ಯಾಸ 0.13 ಮಿ.ಮೀ. ಒಳಗಿದ್ದರೆ ಚೆನ್ನಾಗಿದೆ. ಕೇಂದ್ರ ನಿಜಕ್ಕೂ ಜರುಗಿರೋದು ಓದಿದ್ದರ ಅರ್ಧ. ಹೆಚ್ಚಿದ್ದರೆ ಡೋವೆಲ್ ಜಾಗ ಸರಿಪಡಿಸಬೇಕು. ಓರೆ ಡೋವೆಲ್ ಅಂತ ಸಿಗುತ್ತವೆ, ಅವನ್ನ ತಿರುಗಿಸಿ ಕೇಂದ್ರಕ್ಕೆ ತರಬಹುದು. ಆಮೇಲೆ ಮುಳ್ಳನ್ನ ಮುಖದ ಕಡೆಗೆ ತಿರುಗಿಸಿ ಇನ್ನೊಂದು ಸುತ್ತು. ಪ್ಲೇಟಿನ ಎರಡು ಮುಖ ಸಮಾನಾಂತರ ಇವೆಯಾ ಅಂತ ಅಲ್ಲಿ ಗೊತ್ತಾಗುತ್ತೆ.

ಹಳೇಗಾಡಿ

ಗೇಜ್ ಸಿಗುತ್ತೆ, ಮಾಡಿ ನೋಡ್ತೀನಿ. ಪ್ಲೇಟ್ ದಪ್ಪ 12 ಮಿ.ಮೀ. ಇದೆ. ಅಷ್ಟು ಗೇರ್‌ಬಾಕ್ಸ್ ಹಿಂದಕ್ಕೆ ಹೋದ ಹಾಗಾಯ್ತು. ಇನ್‌ಪುಟ್ ಶಾಫ್ಟ್ ಪೈಲಟ್ ಬೇರಿಂಗ್ ತನಕ ತಲುಪುತ್ತಾ?

ಕಬ್ಬಿಣದ ಕೈ

ಅಳೆಯದೆ ಹೇಳೋಕಾಗಲ್ಲ. ಅದೇ ಜೇಡಿಮಣ್ಣು ತೆಗೆದುಕೊಳ್ಳಿ, ಕ್ರ್ಯಾಂಕಿನ ತೂತಿನ ತಳಕ್ಕೆ ಒಂದು ಉಂಡೆ ಇಟ್ಟು, ಕ್ಲಚ್ ಇಲ್ಲದೆ ಗೇರ್‌ಬಾಕ್ಸ್ ಸೇರಿಸಿ ಬಿಚ್ಚಿ. ಮಣ್ಣಿನಲ್ಲಿ ಶಾಫ್ಟ್ ತುದಿ ಗುರುತು ಬಿದ್ದಿರುತ್ತೆ. ತುದಿಯ ನಯವಾದ ಭಾಗ ಪೈಲಟ್ ಬೇರಿಂಗಿನ ಅಗಲದಷ್ಟೂ ಒಳಗಿರಬೇಕು, ಆದರೆ ತಳಕ್ಕೆ ತಾಗಿರಬಾರದು. ತಲುಪದಿದ್ದರೆ ಉದ್ದನೆ ಪೈಲಟ್ ಬುಷ್ ಲೇತ್‌ನಲ್ಲಿ ಮಾಡಿಸಿ, ಶಾಫ್ಟ್ ಮುಟ್ಟಬೇಡಿ. ಕೊನೆಗೆ ಸೇರಿಸುವಾಗ ಗೇರ್‌ಬಾಕ್ಸ್ ಕೈಯಲ್ಲೇ ಪೂರ್ತಿ ಕೂರಬೇಕು. ಸಂದು ಉಳಿದಿದೆ ಅಂತ ಬೋಲ್ಟ್ ಬಿಗಿದು ಎಳೆದುಕೊಂಡರೆ ಏನೋ ಒಂದು ಮುರಿಯುತ್ತೆ. ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗಿನ ದೂರವನ್ನೂ ಆ 12 ಮಿ.ಮೀ. ಲೆಕ್ಕ ಹಿಡಿದು ಮತ್ತೆ ನೋಡಿ. ಅಳತೆ ಬಂದಮೇಲೆ ಇಲ್ಲಿ ಹಾಕಿ.